ಕವಡೆ ಲೆಕ್ಕದ ಅಂಚೆಚೀಟಿ

ಸ್ನೇಹಿತರೆ, ಎಲ್ಲರಿಗೂ ನಮಸ್ಕಾರ.

‘ಕವಡೆ ಕಾಸಿನ ಕಿಮ್ಮತ್ತಿಲ್ಲ’ ಅಂತ ನಾವು ಹೇಳ್ತೀವಿ ಅಲ್ವಾ? ಇವತ್ತು ನಾನು ಹೇಳಹೊರಟಿರುವುದು ಕವಡೆಯಲ್ಲೇ ಬೆಲೆ ನಮೂದಿಸಿದ ಅಂಚೆಚೀಟಿಗಳ ಕಥೆ. ಅವನ್ನು ಅಚ್ಚು ಹಾಕಿದ್ದಲ್ಲ. ಟೈಪ್‌ರೈಟರಿನಲ್ಲಿ ಒಂದೊಂದಾಗಿ ಟೈಪ್ ಮಾಡಿದ್ದು.

ಜಾಗ ಉಗಾಂಡಾದ ಮೆಂಗೊ, ಈಗಿನ ಕಂಪಾಲಾದ ಒಂದು ಗುಡ್ಡ. ಕಾಲ 1895ರ ಮಾರ್ಚ್. ಬ್ರಿಟಿಷ್ ಅಧಿಕಾರಿ ಜಾರ್ಜ್ ವಿಲ್ಸನ್ ಅಲ್ಲಿ ಅಂಚೆ ಶುರುಮಾಡಲು ಹೊರಟರು. ಸ್ಟ್ಯಾಂಪ್ ಎಲ್ಲಿಂದ ತರೋದು? ಚರ್ಚ್ ಮಿಷನರಿ ಸೊಸೈಟಿಯ ಪಾದ್ರಿ ಅರ್ನೆಸ್ಟ್ ಮಿಲ್ಲರ್ ಹತ್ತಿರ ಟೈಪ್‌ರೈಟರ್ ಇತ್ತು. ಅವರೇ ಕೂತು ಟೈಪ್ ಮಾಡಿಕೊಟ್ಟರು.

ಅಲ್ಲಿನ ಸಂತೆಯಲ್ಲಿ ಕವಡೆ ಓಡುತ್ತಿತ್ತು. 200 ಕವಡೆಗೆ ಒಂದು ರೂಪಾಯಿ. ಅದು ನಮ್ಮ ಇಂಡಿಯಾದ ರೂಪಾಯಿಯೇ, ಪೂರ್ವ ಆಫ್ರಿಕಾದಲ್ಲೂ ಆಗ ಚಲಾವಣೆಯಲ್ಲಿತ್ತು. ಅಂದರೆ 50 ಕವಡೆಯ ಚೀಟಿ ನಮ್ಮ ಹಿರಿಯರ ಲೆಕ್ಕದಲ್ಲಿ ನಾಲ್ಕಾಣೆ. ಮೊದಲಿಗೆ 5 ಕವಡೆಯಿಂದ 60ರವರೆಗೆ ಚೀಟಿಗಳು ಬಂದವು.

ಈಗ ಒಂದು ಚೀಟಿಯನ್ನು ಹತ್ತಿರದಿಂದ ನೋಡೋಣ. ರಾಣಿಯ ಮುಖವಿಲ್ಲ, ಹೂಬಳ್ಳಿಯಿಲ್ಲ. ಮೇಲಿನ ಎರಡು ಮೂಲೆಯಲ್ಲಿ ‘ಯು’, ‘ಜಿ’ ಎಂಬ ಇಂಗ್ಲಿಷ್ ಅಕ್ಷರಗಳು, ನಡುವೆ ಬೆಲೆಯ ಅಂಕಿ, ಸುತ್ತ ಚೌಕಟ್ಟು. ಅಷ್ಟೇ. ಅಂಚಿಗೆ ತೂತಿಲ್ಲ, ಹಿಂದೆ ಅಂಟಿಲ್ಲ. ಕಾಗದ ತೆಳ್ಳಗಿದೆ, ಬೆಳಕಿಗೆ ಹಿಡಿದರೆ ಒಳಗೆ ಸಾಲು ಸಾಲು ಗೆರೆ ಕಾಣುತ್ತದೆ. ಬಳಸಿದ ಚೀಟಿಗಳಲ್ಲಿ ಠಸ್ಸೆ ಗುರುತಿಗಿಂತ ಪೆನ್ನಿನಲ್ಲಿ ಎಳೆದ ಅಡ್ಡಗೀಟೇ ಜಾಸ್ತಿ. ನನಗೆ ಆ ಗೀಟು ಬಹಳ ಇಷ್ಟ. ಒಬ್ಬರು ಕೈಯಾರೆ ಮಾಡಿದ್ದನ್ನು ಇನ್ನೊಬ್ಬರು ಕೈಯಾರೆ ಹೊಡೆದುಹಾಕಿದ್ದಾರೆ.

ಬಗೆಗಳು ಹುಟ್ಟಿದ್ದೂ ಈ ಕೈಕೆಲಸದಿಂದಲೇ. ಮೊದಲ ಚೀಟಿಗಳು ಅಗಲ, 20ರಿಂದ 26 ಮಿಲಿಮೀಟರ್. ಆಮೇಲಿನವು 16ರಿಂದ 18. ಕಿರಿದು ಮಾಡಿದರೆ ಒಂದೇ ಹಾಳೆಯಲ್ಲಿ ಹೆಚ್ಚು ಹಿಡಿಯುತ್ತಿದ್ದವು. ಕೆಲವು ಚೀಟಿಗಳಲ್ಲಿ ಹಳೆ ಬೆಲೆ ತಿದ್ದಿ ಪೆನ್ನಿನಿಂದ ಹೊಸ ಬೆಲೆ ಬರೆದಿದ್ದಾರೆ. ವರ್ಷದ ಕೊನೆಗೆ ಅಕ್ಷರವೇ ಸಣ್ಣದಾಯಿತು, ಬಣ್ಣ ಕಪ್ಪಿನಿಂದ ನೇರಳೆಗೆ ತಿರುಗಿತು. 1896ರ ಚೀಟಿಗಳ ಮೇಲೆ ‘ವಿ 96 ಆರ್’ ಎಂದಿದೆ, ಕೆಳಗೆ ‘ಉಗಾಂಡಾ’ ಅಂತ ಪೂರ್ತಿ ಹೆಸರು. ವಿ ಮತ್ತು ಆರ್ ಅಂದರೆ ವಿಕ್ಟೋರಿಯಾ ರಾಣಿ, ನಡುವಿನದು ವರ್ಷ. ಅದೇ ವರ್ಷದ ನವೆಂಬರಿನಲ್ಲಿ ಅಕ್ಷರದ ಅಚ್ಚುಮೊಳೆ ಜೋಡಿಸಿ ಮುದ್ರಿಸಿದ ಚೀಟಿಗಳು ಬಂದವು, ಟೈಪಿಂಗ್ ನಿಂತಿತು.

ಸಂಗ್ರಾಹಕರು ಹುಡುಕಿ ಹುಡುಕಿ ಸುಸ್ತಾಗುವುದು ಒಂದು ತಪ್ಪಿಗಾಗಿ. ಕೆಲವು ಚೀಟಿಯಲ್ಲಿ ‘ಜಿ’ ಬದಲು ‘ಎ’ ಬಿದ್ದಿದೆ. ಅಚ್ಚಿನ ಮನೆಯಲ್ಲಾದರೆ ಕರಡು ತಿದ್ದುವವರ ಕಣ್ಣಿಗೆ ಅದು ಬೀಳುತ್ತಿತ್ತು. ಇಲ್ಲಿ ಟೈಪ್ ಮಾಡಿದ್ದೇ ಕೊನೆ, ನೇರ ಲಕೋಟೆಗೆ ಹೋಯಿತು.

ಒಂದು ಮಾತು ದಯವಿಟ್ಟು ನೆನಪಿಡಿ. ಇಷ್ಟು ಸುಲಭವಾಗಿ ನಕಲು ಮಾಡಬಹುದಾದ ಚೀಟಿ ತೀರಾ ಕಡಿಮೆ. ಹಳೆ ಯಂತ್ರ, ಹಳೆ ಕಾಗದ ಸಿಕ್ಕರೆ ಸಾಕು. ಯಾರಾದರೂ ತಂದು ತೋರಿಸಿದರೆ ಮೊದಲು ಕಾಗದವನ್ನು ಬೆಳಕಿಗೆ ಹಿಡಿಯಿರಿ. ಆಮೇಲೆ ಅಕ್ಷರದ ಅಗಲ ಅಳೆಯಿರಿ. ಎರಡೂ ಸರಿ ಕಂಡರೂ ತಜ್ಞರ ಪ್ರಮಾಣಪತ್ರ ಕೈಗೆ ಬರುವವರೆಗೆ ದುಡ್ಡು ಕೊಡಬೇಡಿ.