ಪಹಣಿಯಲ್ಲಿ ಹೆಸರಿಲ್ಲ ಅಂದ್ರೆ ಹಕ್ಕೂ ಇಲ್ವಾ?

ನಮಸ್ಕಾರ ಎಲ್ಲರಿಗೂ. ಹೋದ ವಿಡಿಯೋ ಕೆಳಗೆ ಒಬ್ಬ ಅಕ್ಕ ಹೀಗೆ ಕೇಳಿದ್ದಾರೆ: "ಅಪ್ಪ ತೀರಿಕೊಂಡು ಎರಡು ವರ್ಷ ಆಯ್ತು, ಪಹಣಿ ಅಣ್ಣನ ಹೆಸರಿಗಾಗಿದೆ, ಇನ್ನು ನನಗೇನೂ ಬರಲ್ಲ ಅಲ್ವಾ ಸರ್?" ಅದಕ್ಕೆ ಯಾರೋ ಒಬ್ಬರು "ಹೌದು, ಖಾತೆ ಆದ್ಮೇಲೆ ಮುಗೀತು" ಅಂತ ಉತ್ತರ ಬೇರೆ ಕೊಟ್ಟಿದ್ದಾರೆ. ಓದಿ ಹೊಟ್ಟೆ ಉರಿಯಿತು.

ಅಕ್ಕ, ನಿಮ್ಮ ಅಪ್ಪ ವಿಲ್ ಬರೆಯದೆ ಹೋಗಿದ್ದರೆ, ಅವರು ಕಣ್ಣು ಮುಚ್ಚಿದ ಗಳಿಗೆಯಲ್ಲೇ ನಿಮ್ಮ ಪಾಲು ನಿಮಗೆ ಬಂದಾಯ್ತು. ಅರ್ಜಿ ಬೇಡ, ಅಣ್ಣನ ಒಪ್ಪಿಗೆಯೂ ಬೇಡ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಮಗ, ಮಗಳು, ಹೆಂಡತಿ, ತಾಯಿ ಎಲ್ಲರಿಗೂ ಸಮಪಾಲು. ಪಿತ್ರಾರ್ಜಿತ ಆಸ್ತಿಯಲ್ಲಂತೂ 2005ರ ತಿದ್ದುಪಡಿ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಕೊಟ್ಟಿದೆ. ಆ ತಿದ್ದುಪಡಿ ಬಂದಾಗ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ ಅಂತ 2020ರಲ್ಲಿ ವಿನೀತಾ ಶರ್ಮಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ಕ್ರಮವಾಗಿ ಭಾಗ ಆಗಿದ್ದರೆ ಮಾತ್ರ ಮಾತು ಬೇರೆ.

ಪಹಣಿ ಅನ್ನೋದು ಕಂದಾಯದ ಲೆಕ್ಕ. ಮಾಲೀಕರ ಹೆಸರು ಬರೆಯೋ 9ನೇ ಕಾಲಂನಲ್ಲಿ ಅಣ್ಣನ ಹೆಸರು ಕೂತ ಮಾತ್ರಕ್ಕೆ ತಂಗಿಯ ಪಾಲು ಅವನದಾಗಲ್ಲ. ಅಪ್ಪ ಹೋದ ದಿನವೇ ಬಂದ ಹಕ್ಕು ಅದು!

"ಮದುವೆಗೆ ಅಷ್ಟೊಂದು ಖರ್ಚು ಮಾಡಿದೀವಲ್ಲ" ಅಂತ ಈಗ ಕಮೆಂಟ್ ಹಾಕ್ತೀರಿ, ಗೊತ್ತು. ಆ ಖರ್ಚನ್ನು ಪಾಲಿಗೆ ವಜಾ ಹಾಕಿ ಅಂತ ಯಾವ ಕಲಂ ಹೇಳುತ್ತೆ, ತೋರಿಸಿ. "ಉಳೋನು ಅಣ್ಣ ತಾನೇ?" ಉಳಲಿ. ಜಂಟಿ ಜಮೀನಲ್ಲಿ ಒಬ್ಬ ಉತ್ತರೆ ಎಲ್ಲರ ಪರವಾಗಿ ಉತ್ತಂತೆ. ಅವನು "ನಿನಗೇನೂ ಇಲ್ಲ ಹೋಗು" ಅಂತ ಎದುರಿಗೇ ಹೇಳಿದರೆ ಮಾತ್ರ ಸುಮ್ನೆ ಕೂರಬೇಡಿ. ಪಾಲು ಕೇಳಿ ಕೋರ್ಟಿಗೆ ಹೋಗೋಕೆ ಇರೋ 12 ವರ್ಷದ ಗಡುವಿನ ಲೆಕ್ಕ ಅಲ್ಲಿಂದ ಶುರುವಾಗಬಹುದು.

ತಿಥಿ ಊಟದ ಎಲೆ ಎತ್ತೋ ಮೊದಲೇ ಒಂದು ಕಾಗದ ಬರುತ್ತೆ. "ಸುಮ್ನೆ ಒಂದು ಸೈನ್ ಹಾಕವ್ವ, ಪೌತಿ ಖಾತೆಗೆ ಬೇಕಂತೆ." ಪೌತಿ ಖಾತೆ ಅಂದ್ರೆ ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸೋದು. ಅತ್ತು ಕಣ್ಣು ಊದಿಕೊಂಡಿರುವ ಹೆಣ್ಣುಮಗಳು ಓದ್ತಾಳಾ? ಮೇಲೆ ನೋಡಿದರೆ ಹಕ್ಕು ಬಿಡುಗಡೆ ಪತ್ರ ಅಂತಿರುತ್ತೆ! ಇಲ್ಲಾಂದ್ರೆ ಹೆಣ್ಣುಮಕ್ಕಳ ಹೆಸರೇ ಇಲ್ಲದ ವಂಶವೃಕ್ಷ. ಇದು ಮೋಸ ಅಲ್ದೆ ಇನ್ನೇನು? ಬರುವಾಗ ಸೈನ್ ಕೇಳದೆ ಬಂದ ಹಕ್ಕು, ಹೋಗಬೇಕಾದ್ರೆ ನಿಮ್ಮ ಸೈನ್ ಬೇಕು, ಅದೂ ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಆಗಬೇಕು. ಅಲ್ಲಿಗೆ ಕರೆದರೆ ಓದದೆ ಹೋಗಲೇಬೇಡಿ.

ಹಕ್ಕು ಬಂದಾಗಿದೆ ಕಣ್ರೀ, ಬಂದಾಗಿದೆ! ಈ ವಿಡಿಯೋನ ನಿಮ್ಮ ಅಕ್ಕತಂಗಿಯರಿಗೆ ಕಳಿಸಿ, ಚಾನೆಲ್ ಸಬ್‌ಸ್ಕ್ರೈಬ್ ಮಾಡಿ. ಬ್ಯಾಂಕ್ ಖಾತೆಗೆ ನಾಮಿನಿ ಆದವರೇ ದುಡ್ಡಿನ ಯಜಮಾನರು ಅಂತ ವಾದ ಮಾಡ್ತಿರೋರಿಗೆ ಮುಂದಿನ ವಿಡಿಯೋದಲ್ಲಿ ಉತ್ತರ ಇದೆ.