ಹಳೇ ಕಾರು ನೋಡಲು ಬೆಳಿಗ್ಗೆಯೇ ಹೋಗಿ

ಕೇಳುಗರಿಗೆಲ್ಲ ನಮಸ್ಕಾರ. ಹೋದ ತಿಂಗಳು ಶ್ರೀನಿವಾಸಪುರದಿಂದ ನಮ್ಮಕ್ಕ ಫೋನ್ ಮಾಡಿದಳು. "ಮಗಳು ದಿನಾ ಕೋಲಾರಕ್ಕೆ ಕಾಲೇಜಿಗೆ ಹೋಗಿ ಬರಬೇಕು, ಲ್ಯಾಬ್ ಮುಗಿಯೋಷ್ಟರಲ್ಲಿ ಕತ್ತಲಾಗುತ್ತೆ. ಎರಡು ಲಕ್ಷ ಇಟ್ಟಿದ್ದೀನಿ ಕಣೋ, ಒಂದು ಹಳೇ ಕಾರು ನೋಡಿಕೊಡು" ಅಂದಳು. ಟೊಮೆಟೊಗೆ ರೇಟು ಬಂದಾಗ ಕೂಡಿಟ್ಟ ದುಡ್ಡು ಅದು. ಕೆಟ್ಟ ಕಾರಿಗೆ ಸುರಿಯೋಕೆ ನನಗೆ ಮನಸ್ಸು ಹೇಗೆ ಬರುತ್ತೆ?

ಮೊದಲೇ ಹೇಳಿಬಿಟ್ಟೆ: ಅಕ್ಕಾ, ಎರಡು ಲಕ್ಷ ಇದ್ದರೆ ಒಂದೂವರೆ ಲಕ್ಷದ ಕಾರು ನೋಡೋಣ. ಟೈರು, ಬ್ಯಾಟರಿ, ಇನ್ಶೂರೆನ್ಸು, ಹೆಸರು ವರ್ಗಾವಣೆ ಅಂತ ಉಳಿದದ್ದು ಬೇಕೇ ಬೇಕು. ಆಲ್ಟೊ, ವ್ಯಾಗನ್ ಆರ್ ತರಹದ ಸಣ್ಣ ಪೆಟ್ರೋಲ್ ಕಾರು ಸಾಕು, ನಮ್ಮ ಕಡೆ ಯಾವ ಮೆಕ್ಯಾನಿಕ್ ಬೇಕಾದರೂ ಕೈ ಹಾಕುತ್ತಾನೆ, ಸಾಮಾನೂ ಸಿಗುತ್ತೆ. ಆದರೆ 15 ವರ್ಷಕ್ಕೆ ಆರ್‌ಸಿ, ಅಂದರೆ ಗಾಡಿಯ ನೋಂದಣಿ ಪತ್ರದ ಅವಧಿ ಮುಗಿಯುತ್ತದೆ, ಆಮೇಲೆ ಗಾಡಿ ತೋರಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಅದಕ್ಕೇ 13 ವರ್ಷ ದಾಟಿದ್ದನ್ನು ನಾನು ನೋಡಲೇ ಇಲ್ಲ.

ಹಿಂದೆ ನಾನೇ ಒಂದು ಕಾರು ಸಂಜೆ ಹೊತ್ತು ನೋಡಿ ತಂದಿದ್ದೆ. ಮಾರುವವರು ಅದನ್ನು ಆಗಲೇ ಓಡಿಸಿ ಬಿಸಿ ಮಾಡಿ ಇಟ್ಟಿದ್ದರು, ಹಾಗಾಗಿ ಕೀ ತಿರುಗಿಸಿದ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಮಾರನೇ ಬೆಳಿಗ್ಗೆ ಐದು ಸಲ ಕೀ ತಿರುಗಿಸಬೇಕಾಯಿತು, ಹಿಂದೆ ನೀಲಿ ಹೊಗೆ. ಎಂಜಿನ್ ಆಯಿಲ್ ಉರಿಯುತ್ತಿದೆ ಅಂತ ಅರ್ಥ. ಎಂಜಿನ್ ಬಿಚ್ಚಿಸಿದ ಖರ್ಚಿನಲ್ಲಿ ಆರು ತಿಂಗಳು ಒದ್ದಾಡಿದೆ. ಈಗ ಮಾರುವವರಿಗೆ ಹಿಂದಿನ ದಿನವೇ ಹೇಳುತ್ತೇನೆ, ನಾವು ಬರುವವರೆಗೂ ಸ್ಟಾರ್ಟ್ ಮಾಡಬೇಡಿ ಅಂತ. ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಡುತ್ತೇನೆ. ತಣ್ಣಗಿರಬೇಕು.

ತಣ್ಣಗಿದ್ದಾಗ ಮಾತ್ರ ರೇಡಿಯೇಟರ್ ಮುಚ್ಚಳ ತೆಗೆಯಿರಿ, ಬಿಸಿಯಿದ್ದರೆ ಮುಖಕ್ಕೇ ಚಿಮ್ಮುತ್ತದೆ. ಇದನ್ನು ನಮ್ಮ ಜಿಲ್ಲೆಯವರು ಬಿಡಲೇಬಾರದು, ಯಾಕೆಂದರೆ ಇಲ್ಲಿ ಎಷ್ಟೋ ಜನ ಎಂಜಿನ್ ತಣ್ಣಗಿಡುವ ಕೂಲೆಂಟ್ ದ್ರವದ ಬದಲು ಬೋರ್‌ವೆಲ್ ನೀರು ಹಾಕುತ್ತಾರೆ. ನಾವು ನೋಡಿದ ಎರಡನೇ ಕಾರು ಕೆಂಪು ಬಣ್ಣದ್ದು, ಹೊರಗೆ ಫಳಫಳ. ಮುಚ್ಚಳ ತೆಗೆದರೆ ಒಳಗೆ ತುಕ್ಕಿನ ಕೆಂಪು ನೀರು, ಬಾಯಿಯ ಸುತ್ತ ನೀರು ಕಾಯಿಸುವ ಹಂಡೆಯಲ್ಲಿ ಕಟ್ಟುತ್ತಲ್ಲ, ಅದೇ ಬಿಳಿ ಪೊರೆ! ಆ ಪೊರೆ ಸಣ್ಣ ನಳಿಗೆಗಳನ್ನು ಕಟ್ಟಿಬಿಟ್ಟರೆ ಬೇಸಿಗೆಯಲ್ಲಿ ಎಂಜಿನ್ ಕಾದು, ಒಳಗೆ ನೀರು-ಆಯಿಲ್ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಆಯಿಲ್ ಹಾಕುವ ಮುಚ್ಚಳವನ್ನೂ ತಿರುಗಿಸಿ ನೋಡಿದೆವು. ಒಳಗಡೆ ಹಾಲು ಬೆರೆಸಿದ ಕಾಫಿ ತರಹ ನೊರೆ. ಆಯಿಲ್‌ಗೆ ನೀರು ಸೇರುತ್ತಿರಬೇಕು ಅನ್ನಿಸಿತು, ಅಲ್ಲಿಂದಲೇ ವಾಪಸ್ ಬಂದೆವು.

ಮೀಟರ್‌ನಲ್ಲಿ 40,000 ಕಿಲೋಮೀಟರ್ ಅಂತಿದ್ದು ಬ್ರೇಕ್ ಪೆಡಲಿನ ರಬ್ಬರು ನುಣ್ಣಗೆ ಸವೆದಿದ್ದರೆ ಮೀಟರನ್ನು ನಂಬಬೇಡಿ. ಟೈರು ಎಷ್ಟು ಹಳೆಯದು ಅಂತ ತಿಳಿಯಲು ಅದರ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು.

ಮೂರನೆಯದು ಒಬ್ಬರೇ ಓಡಿಸಿದ ವ್ಯಾಗನ್ ಆರ್. ಪರಿಚಯದ ಮೆಕ್ಯಾನಿಕ್‌ಗೆ 500 ರೂಪಾಯಿ ಕೊಟ್ಟು ಕರೆದುಕೊಂಡು ಹೋದೆವು. ಅಂತರಗಂಗೆ ಕಡೆ ಏರಿನಲ್ಲಿ ನಿಲ್ಲಿಸಿ ಎತ್ತಿಸಿದ, ಕ್ಲಚ್ ಜಾರಲಿಲ್ಲ. ಗಾಡಿಯ ಮೇಲೆ ಕೊರೆದ ಚಾಸಿ ನಂಬರ್ ಆರ್‌ಸಿಗೆ ಹೊಂದುತ್ತಿತ್ತು. ಆದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇತ್ತು, ಸಾಲ ಎಂದೋ ತೀರಿತ್ತಂತೆ. ಸಾಲ ಬಾಕಿಯಿಲ್ಲ ಅನ್ನುವ ಬ್ಯಾಂಕಿನ ಎನ್‌ಒಸಿ ಪತ್ರ, ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸುವ ಫಾರಂ 35 ಕೈಗೆ ಬರುವವರೆಗೂ ಅಡ್ವಾನ್ಸ್ ಬಿಟ್ಟು ಒಂದು ರೂಪಾಯಿಯೂ ಕೊಡಬೇಡ ಅಂತ ಅಕ್ಕನಿಗೆ ಅಂದೆ. ಹತ್ತು ದಿನ ಕಾದೆವು.

ಹೆಸರು ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು ಬೀರುವಿನಲ್ಲಿ ಇಟ್ಟುಕೊಳ್ಳುವವರು ತುಂಬಾ ಜನ. ದಯವಿಟ್ಟು ಹಾಗೆ ಮಾಡಬೇಡಿ, ಆರ್‌ಟಿಒಗೆ ಕೊಡಿ. ಇನ್ಶೂರೆನ್ಸನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಹಾಕಿ, ಇಲ್ಲದಿದ್ದರೆ ನಿಮ್ಮ ಕಾರಿಗೆ ಆದ ಡ್ಯಾಮೇಜಿಗೆ ಕ್ಲೇಮ್ ಸಿಗುವುದು ಕಷ್ಟ.

ಈಗ ಹುಡುಗಿ ಕತ್ತಲಾದರೂ ಆ ವ್ಯಾಗನ್ ಆರ್‌ನಲ್ಲೇ ಮನೆ ಸೇರುತ್ತಾಳೆ. ಡಿಕ್ಕಿಯಲ್ಲಿ ಒಂದು ಲೀಟರ್ ಕೂಲೆಂಟ್ ಇಟ್ಟಿದ್ದಾಳೆ. ನಮಸ್ಕಾರ.