ತೋಟದ ಮನೆ 30 ಅಡಿ ಆಚೆಗೆ

ಕೇಳುಗರಿಗೆ ನಮಸ್ಕಾರ.

ನಮ್ಮ ಅಡಿಕೆ ತೋಟದ ತುದಿಯಲ್ಲಿ ಒಂದು ಪುಟ್ಟ ಮರದ ಮನೆ ಇದೆ. 12 ಅಡಿ ಉದ್ದ, 10 ಅಡಿ ಅಗಲ. ಮತ್ತಿ ಮರದ ಚೌಕಟ್ಟು, ಹಲಗೆ ಗೋಡೆ, ಮೇಲೆ ತಗಡು. ನಾಲ್ಕು ಮೂಲೆಯಲ್ಲಿ ನಾಲ್ಕು ಸೈಜುಗಲ್ಲು, ಅದರ ಮೇಲೆ ಸುಮ್ನೆ ಕೂತಿದೆ ಅಷ್ಟೆ. ಅಪ್ಪ ಕಟ್ಟಿಸಿದ್ದು. ಔಷಧಿ ಹೊಡೆಯುವ ದಿನ ಎಲ್ಲರೂ ಅಲ್ಲೇ ಬುತ್ತಿ ಬಿಚ್ಚುತ್ತೇವೆ. ಕೊಯ್ಲಿನ ಹೊತ್ತಿಗೆ ನಾನು ಕಾವಲಿಗೆ ಅಲ್ಲೇ ಮಲಗುತ್ತೇನೆ.

ಕೆಲವು ವರ್ಷಗಳಿಂದ ಗುಡ್ಡದ ನೀರು ದಾರಿ ಬದಲಿಸಿತ್ತು. ಮಳೆಗಾಲ ಬಂದರೆ ನೇರ ಮನೆಯ ಅಡಿಗೇ ಹರಿಯುತ್ತಿತ್ತು. ನೆಲದ ಹಲಗೆ ಹಸಿ, ಗೋಡೆ ಬುಡದಲ್ಲಿ ಬೂಷ್ಟು. ನೀರು ತಿರುಗಿಸಿದರೆ ತೋಟದ ಬಸಿಗಾಲುವೆ ಕೆಡುತ್ತದೆ. ಮನೆ ಬಿಚ್ಚಿ ಕಟ್ಟೋಣ ಅಂದರೆ ಮೊಳೆ ಕೀಳುವಾಗ ಹಳೆ ಹಲಗೆ ಸೀಳುತ್ತದೆ. 30 ಅಡಿ ಮೇಲೆ, ಹಲಸಿನ ಮರದ ಹತ್ತಿರ, ಗಟ್ಟಿ ಜಾಗ ಇತ್ತು. ಇಡೀ ಮನೆಯನ್ನೇ ಸರಿಸಬಹುದಾ ಅಂತ ಊರಿನ ಬಡಗಿ ಆಚಾರ್ರನ್ನು ಕೇಳಿದೆ. "ಸರಿಸೋದು ಸುಲಭ. ಎತ್ತೋದು, ಇಳಿಸೋದು ನೋಡಿಕೊಳ್ಳಬೇಕು" ಅಂದರು.

ಮರದ ಅಳತೆ ತೆಗೆದು ಲೆಕ್ಕ ಹಾಕಿದೆವು. ಸುಮಾರು ಒಂದೂವರೆ ಟನ್ ತೂಕ. ನಾವು ಎಂಟು ಜನ. ತಲೆಗೆ 190 ಕಿಲೋ ಹತ್ತಿರ ಬೀಳುತ್ತದೆ. ಕೈಯಲ್ಲಿ ಎತ್ತುವ ಮಾತೇ ಇಲ್ಲ.

ಕೈಯಲ್ಲೇ ಎತ್ತಿದವರೂ ಇದ್ದಾರೆ. 1988ರ ಜುಲೈ 30ರಂದು ಅಮೆರಿಕದ ನೆಬ್ರಾಸ್ಕಾದ ಬ್ರೂನೋ ಎಂಬ ಸಣ್ಣ ಊರಲ್ಲಿ 344 ಜನ ಸೇರಿ ಒಂದು ದೊಡ್ಡ ಕೊಟ್ಟಿಗೆಯನ್ನು ಎತ್ತಿ, 100 ಅಡಿಗೂ ಜಾಸ್ತಿ ದೂರ ಹೊತ್ತುಕೊಂಡು ಹೋದರು. ಅಲ್ಲೂ ಕಾರಣ ನೀರೇ. ಹಳ್ಳ ಉಕ್ಕಿ ಕೊಟ್ಟಿಗೆ ನೆಲ ಮುಳುಗಿತ್ತು. ರೈತನ ಮಗ ಒಳಗೂ ಹೊರಗೂ ಕಬ್ಬಿಣದ ಪೈಪುಗಳನ್ನು ಜೋಡಿಸಿ ಎಲ್ಲರಿಗೂ ಹಿಡಿಕೆ ಮಾಡಿಕೊಟ್ಟಿದ್ದ. ಒಬ್ಬೊಬ್ಬರ ಪಾಲಿಗೆ ಬಂದದ್ದು ಸುಮಾರು 25 ಕಿಲೋ. ನಮ್ಮ ಕಡೆ ಗೊನೆ ಹೊರುವವರಿಗೆ ಅದು ಯಾವ ಭಾರ, ಅಲ್ವಾ?

ನಮಗೆ 344 ಜನ ಎಲ್ಲಿ ಸಿಗಬೇಕು? ಎರಡು ಲಾರಿ ಜಾಕಿ ತಂದೆವು. ಹೋದ ವರ್ಷ ಯುಗಾದಿ ಆದ ಮೇಲಿನ ವಾರ, ನೆಲ ಒಣಗಿದ ಹೊತ್ತು ನೋಡಿ ಕೆಲಸ ಹಿಡಿದೆವು. ಮೊದಲು ಕರೆಂಟಿನ ವೈರು ಬಿಡಿಸಿದೆವು. ಉದ್ದ ಕೋಲು ಹಾಕಿ ಮನೆಯ ಅಡಿ ಪೂರ್ತಿ ಕೆದಕಿ ನೋಡಿದೆವು. ಹಾವು ಇರುವ ಜಾಗ ಅದು. ಆಮೇಲೆ ಆಚಾರ್ರು ಕೆಳಗಿನ ತೊಲೆಗಳಿಗೆ ಉಳಿ ಚುಚ್ಚುತ್ತಾ ಹೋದರು. ಒಂದು ಕಡೆ ಉಳಿ ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ಒರಲೆ ಒಳಗೇ ತಿಂದಿತ್ತು. ಹಾಗೇ ಎತ್ತಿದ್ದರೆ ಜಾಕಿ ತೊಲೆಯನ್ನು ಸೀಳಿಕೊಂಡು ಮೇಲೆ ಬರುತ್ತಿತ್ತು. ಪಕ್ಕಕ್ಕೆ ಹೊಸ ತೊಲೆ ಜೋಡಿಸಿ ಬೋಲ್ಟ್ ಹಾಕಿದರು. ಅದಕ್ಕೇ ಒಂದು ದಿನ ಹೋಯಿತು. ಒಳಗಡೆ ಗೋಡೆಗಳಿಗೆ ಮೂಲೆಯಿಂದ ಮೂಲೆಗೆ ಓರೆಯಾಗಿ ಹಲಗೆ ಹೊಡೆದರು, ಚೌಕಟ್ಟು ತಿರುಚಬಾರದು ಅಂತ.

ಎತ್ತುವಾಗ ಆತುರ ಸಲ್ಲದು. ಜಾಕಿ ನೆಲಕ್ಕೆ ಇಳಿಯದ ಹಾಗೆ ಅಡಿಗೆ ದಪ್ಪ ಹಲಗೆ. ಒಂದು ಬದಿಯ ಎರಡೂ ಮೂಲೆಯನ್ನು ಒಟ್ಟಿಗೆ ಒಂದೇ ಇಂಚು ಎತ್ತಬೇಕು. ತಕ್ಷಣ ಅಲ್ಲಿ ಮರದ ತುಂಡು ಕೊಡಬೇಕು. ಆಮೇಲೆ ಇನ್ನೊಂದು ಬದಿ. ತುಂಡುಗಳನ್ನು ಉದ್ದಕ್ಕೆ ಎರಡು, ಅಡ್ಡಕ್ಕೆ ಎರಡು ಇಡುತ್ತಾ ಅಟ್ಟಿ ಕಟ್ಟಬೇಕು. ಜಾಕಿ ಇರುವುದು ಎತ್ತಲಿಕ್ಕೆ ಮಾತ್ರ, ಹೊರಬೇಕಾದ್ದು ಅಟ್ಟಿ. ಆಚಾರ್ರು ಇದನ್ನು ಎಷ್ಟು ಸಲ ಹೇಳಿದರೋ! ಅವರು ಹೇಳಿದ್ದು ಮಧ್ಯಾಹ್ನದ ಹೊತ್ತಿಗೆ ನಿಜವಾಯಿತು. ಮೊದಲು ನೀರು ಹರಿಯುತ್ತಿದ್ದ ಮೂಲೆಯಲ್ಲಿ ನೆಲ ಮೆತ್ತಗಿತ್ತು. ಹಲಗೆ ಕುಸಿಯಿತು, ಜಾಕಿ ವಾಲಿ ಬಿತ್ತು. ಮನೆ ಅರ್ಧ ಇಂಚು ಇಳಿದು ಅಟ್ಟಿಯ ಮೇಲೆ ನಿಂತಿತು. ಅಡಿಯಲ್ಲಿ ಯಾರ ಕೈಯೂ ಇರಲಿಲ್ಲ. ಆ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ನೀವು ಯಾರಾದರೂ ಇಂಥ ಕೆಲಸಕ್ಕೆ ಇಳಿದರೆ, ಬರೀ ಜಾಕಿ ನಂಬಿ ಕೆಳಗೆ ಕೈ ಹಾಕಬೇಡಿ. ಒಂದು ನಿಮಿಷಕ್ಕೂ ಬೇಡ.

ಒಂದಡಿ ಎದ್ದ ಮೇಲೆ ಅಡಿಗೆ ಎರಡು ಉದ್ದ ತೊಲೆ ತೂರಿಸಿ ಬಿಗಿದೆವು. ಅದರ ಕೆಳಗೆ 3 ಇಂಚಿನ ಕಬ್ಬಿಣದ ಪೈಪು, ಪೈಪಿನ ಕೆಳಗೆ ಹಲಗೆಯ ದಾರಿ. ಹುಡುಗರು ಟ್ರ್ಯಾಕ್ಟರ್ ತರೋಣ ಅಂದರು. ಜಗ್ಗಿದರೆ ಮನೆ ಬಿರುಕು ಬಿಡುತ್ತದೆ ಅಂತ ಆಚಾರ್ರು ಒಪ್ಪಲಿಲ್ಲ. ಹಲಸಿನ ಬುಡಕ್ಕೆ ಗೋಣಿಚೀಲ ಸುತ್ತಿ ಚೈನ್ ಪುಲ್ಲಿ ಕಟ್ಟಿದೆವು. ಏರು ಕಡೆಗೆ ಎಳೆಯಬೇಕಿತ್ತು, ಹಾಗಾಗಿ ತೊಲೆಯ ಹಿಂದೆಯೇ ಒಬ್ಬರು ಬೆಣೆ ಕೊಡುತ್ತಾ ಬಂದರು. ಮನೆ ಎರಡು ಅಡಿ ಮುಂದೆ ಹೋದರೆ ಪೈಪು ಉರುಳುವುದು ಒಂದೇ ಅಡಿ. ಹೀಗೆ ಪೈಪುಗಳು ಒಂದೊಂದಾಗಿ ಹಿಂದೆ ಉಳಿಯುತ್ತವೆ. ಅವನ್ನು ಎತ್ತಿ ಮುಂದೆ ಇಡುತ್ತಿರಬೇಕು. ಸೊಟ್ಟ ಹೋದರೆ ಪೈಪಿನ ತುದಿಗೆ ಸುತ್ತಿಗೆಯಿಂದ ತಟ್ಟಿದರೆ ಸಾಕು, ದಾರಿಗೆ ಬರುತ್ತದೆ. 30 ಅಡಿಗೆ ಎರಡು ಗಂಟೆ ಹಿಡಿಯಿತು. ಹೊಸ ಕಲ್ಲುಗಳನ್ನು ರಸಮಟ್ಟ ಇಟ್ಟು ಮೊದಲೇ ಕೂರಿಸಿದ್ದೆವು. ಮತ್ತೆ ಅದೇ ಅಟ್ಟಿ, ಅದೇ ಒಂದೊಂದು ಇಂಚು, ಈ ಸಲ ಕೆಳಮುಖವಾಗಿ. ಕತ್ತಲಾಗುವ ಮುಂಚೆ ಬಾಗಿಲು ಎಳೆದು ನೋಡಿದೆ. ಅಗಳಿ ಸರಿಯಾಗಿ ತೂತಿಗೆ ಕೂತಿತು.

ಚಿಲಿ ದೇಶದ ದಕ್ಷಿಣ ಭಾಗದಲ್ಲಿ ಚಿಲೋಯೆ ಅಂತ ಒಂದು ದ್ವೀಪವಿದೆ. ಅಲ್ಲಿನ ಮರದ ಮನೆಗಳನ್ನು ಜಾಗ ಬದಲಿಸುವಾಗ ಊರವರೆಲ್ಲ ಎತ್ತು ಹೊಡೆದುಕೊಂಡು ಬಂದು ಎಳೆಯುತ್ತಾರೆ. ಕೂಲಿ ಇಲ್ಲ. ಮನೆಯವರು ಹೊಟ್ಟೆ ತುಂಬ ಊಟ ಹಾಕಬೇಕು. ಅದಕ್ಕೆ ಅವರು ಮಿಂಗಾ ಅನ್ನುತ್ತಾರೆ. ನಮ್ಮಲ್ಲಿ ಮುಯ್ಯಾಳು, ಇವತ್ತು ಅವರು ನಮಗೆ, ನಾಳೆ ನಾವು ಅವರಿಗೆ. ನನಗೆ ಬಂದ ಆರು ಜನ ನೆಂಟರೇನಲ್ಲ, ಅಕ್ಕಪಕ್ಕದ ತೋಟದವರು. ಸಂಬಳಕ್ಕೆ ಆಳೇ ಸಿಗದ ಈ ಕಾಲದಲ್ಲಿ ತಮ್ಮ ಕೆಲಸ ಬಿಟ್ಟು ಬಂದರು. ಕಡುಬು, ಚಟ್ನಿ, ಕೊನೆಗೆ ಪಾಯಸ, ಅಷ್ಟೇ ನಾನು ಕೊಟ್ಟದ್ದು.

ಆರಿದ್ರಾ ಮಳೆ ಹಿಡಿದಾಗ ಕೊಡೆ ಹಿಡಿದು ಹೋಗಿ ನೋಡಿದೆ. ಹಳೆ ನಾಲ್ಕು ಕಲ್ಲುಗಳ ನಡುವೆ ಕೆಂಪು ನೀರು ಹರಿಯುತ್ತಿತ್ತು. ಮೇಲೆ ಮನೆ ಒಣಗೇ ಇತ್ತು.

ಆರು ಮುಯ್ಯಿಯಲ್ಲಿ ನಾಲ್ಕು ತೀರಿಸಿದ್ದೇನೆ. ಐದನೆಯದಕ್ಕೆ ನಾಡಿದ್ದು ಮೇಲಿನ ತೋಟದವರ ಮನೆಗೆ ಹೋಗಬೇಕು, ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಲು. ನಮಸ್ಕಾರ.